ದೋಣಿ ಪೆತ್ರೋ ಮನೆಯವರು

ನಾರಾಯಣಮ್ಮ ಹಾವಿಗೆ ಹೆದರುವವಳಲ್ಲ, ಪೊಲೀಸರಿಗೆ ಹೆದರುವವಳಲ್ಲ, ಗಂಡ ವೆಂಕಟಸ್ವಾಮಿಗಂತೂ ಮೊದಲೇ ಹೆದರುವವಳಲ್ಲ. ಅವಳು ಹೆದರುತ್ತಿದ್ದದ್ದು ಮಾಟಕ್ಕೆ ಮಾತ್ರ. ಮೂರು ದಾರಿ ಸೇರುವಲ್ಲಿ ನಿಂಬೆಹಣ್ಣು ಕಂಡರೆ ಸುತ್ತುಹಾಕಿಕೊಂಡು ಹೋಗುವಳು. ಮನೆ ಮುಂದೆ ಯಾರಾದರೂ ಅರಿಶಿನದ ನೀರು ಚೆಲ್ಲಿದ್ದರೆ ಆ ದಿನ ಯಡಿಯೂರಿಗೇ ಕೇಳುವಂತೆ ಅವರ ವಂಶದ ಮೂಲ ಜಾಲಾಡುವಳು. ಅದರಲ್ಲೂ ತೊಂಬತ್ತನಾಲ್ಕರ ಆ ಬೇಸಿಗೆಯಲ್ಲಿ ಮಗಳು ರೇಖಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಹಾಗಾಗಿ ನಾರಾಯಣಮ್ಮನ ಕಣ್ಣಿಗೆ ಬೀದಿಯಲ್ಲಿ ಬಿದ್ದ ಮೆಣಸಿನಕಾಯಿಯೂ ಶತ್ರುವೇ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹಸುವಿಗೆ ಹುಲ್ಲು ಕೊಯ್ಯಲು ಯಡಿಯೂರು ಕೆರೆಯ ದಂಡೆಗೆ ಹೋದವಳು ಅಲ್ಲೇ ಕಲ್ಲಾಗಿ ನಿಂತಳು. ನೀರಂಚಿನ ಚಪ್ಪಡಿಯ ಮೇಲೆ ಕೆಂಪು ಕಪ್ಪು ದಾರದ ಕಸೂತಿಯ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಉದ್ದನೆಯ, ಗುಂಡನೆಯ ಒಂದು ಬ್ರೆಡ್ಡು. ಅದರ ತಲೆಯ ಮೇಲೆ ಉರಿಯುತ್ತಿರುವ ಮೇಣದಬತ್ತಿ. ಸುತ್ತ ರಕ್ತದ ಬಣ್ಣದ ಮೊಟ್ಟೆಗಳು. ಕೋಳಿ ಕೆಂಪು ಮೊಟ್ಟೆ ಇಡುವುದಿಲ್ಲ ಎಂಬುದು ನಾರಾಯಣಮ್ಮನಿಗೆ ಗೊತ್ತು. ಇಟ್ಟರೂ ತಂದು ಕೆರೆ ದಂಡೆಯಲ್ಲಿ ಇಡುವುದಿಲ್ಲ.

"ಯಾವ ಮನೆಹಾಳಿ ಮಾಡ್ಸವ್ಳೋ ಇದ್ನ! ನನ್ ಮಗಳ ಹೊಟ್ಟೆ ಮೇಲೆ ಕಣ್ಣು ಹಾಕ್ದೋಳ ಕೈ ಸೇದೋಗ!" ಎಂದು ಕೂಗಿ ಮೂರು ಸಲ ಉಗಿದಳು. ಮಾಟ ಮುರಿಯಬೇಕಾದರೆ ಎಡಗಾಲಿನಿಂದ, ಅದೂ ಚಪ್ಪಲಿ ಹಾಕಿದ ಕಾಲಿನಿಂದ ಒದೆಯಬೇಕೆಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಒದ್ದಳು. ಮೊಟ್ಟೆಗಳು ಉರುಳಿ ನೀರಿಗೆ ಬಿದ್ದವು. ಬ್ರೆಡ್ಡು ಕೆಸರಿಗೆ ಬಿತ್ತು, ದೀಪ ಆರಿತು.

ಆಗ ಹೊಂಗೆ ಮರದ ಮರೆಯಿಂದ ಒಬ್ಬಳು ಎದ್ದು ಬಂದಳು. ವಾಯಲ್ ಸೀರೆ, ಬೆಳ್ಳಗಿನ ಮೈ, ಹುಲ್ಲಿನ ಬಣ್ಣದ ಕೂದಲನ್ನು ನಮ್ಮ ಹೆಂಗಸರ ಹಾಗೆಯೇ ಗಂಟು ಕಟ್ಟಿದ್ದಳು. ನಾರಾಯಣಮ್ಮ ಅವಳನ್ನು ಗುರುತಿಸಿದಳು. ತಮ್ಮ ಹಿತ್ತಿಲ ಗೋಡೆಯ ಆಚೆಮನೆಯ ಬಿಳಿಯಮ್ಮ. ಗೋಡೆಯ ಈಚೆ ಯಡಿಯೂರು, ಆಚೆ ಜಯನಗರ ಆರನೇ ಬ್ಲಾಕು. ಒಂದೇ ಗೋಡೆಯಾದರೂ ಈ ಕಡೆಯವರು ಆ ಕಡೆಯವರ ಜೊತೆ ಮಾತಾಡಿದ್ದೇ ಇಲ್ಲ. ಅವರ ಮಾವಿನ ಎಲೆ ಇವರ ಹಿತ್ತಿಲಿಗೆ ಬೀಳುತ್ತಿತ್ತು, ಇವರ ಹಸುವಿನ ಸೊಳ್ಳೆ ಅವರ ಮನೆಗೆ ಹೋಗುತ್ತಿತ್ತು. ನೆರೆಹೊರೆ ಎಂದರೆ ಅಷ್ಟೇ.

ಆ ಹೆಂಗಸು ಜಗಳ ಮಾಡಲಿಲ್ಲ. ಕೆಸರಿನಲ್ಲಿ ಬಿದ್ದ ಬ್ರೆಡ್ಡನ್ನು ನೋಡುತ್ತಾ, ಒಳ್ಳೆಯ ಕನ್ನಡದಲ್ಲಿ, "ಅಮ್ಮಾ, ಅದು ನಮ್ಮಪ್ಪಂಗೆ ಇಟ್ಟಿದ್ದ ಊಟ" ಎಂದಳು.

"ನಿಮ್ಮಪ್ಪ ಎಲ್ಲವ್ರೆ?" ಎಂದು ನಾರಾಯಣಮ್ಮ ಸುತ್ತ ನೋಡಿದಳು.

"ನೀರೊಳಗೆ" ಎಂದಳು ಅವಳು.

ನಾರಾಯಣಮ್ಮ ಚಪ್ಪಲಿ ಕಳಚಿ ಹಿಂದಕ್ಕೆ ಸರಿದಳು. ಎಡೆ! ತಾನು ಒದ್ದಿದ್ದು ಸತ್ತವರಿಗೆ ಇಟ್ಟ ಎಡೆ. ಮಹಾಲಯ ಅಮಾವಾಸ್ಯೆ ಬಂದರೆ ತಾನೂ ಮಾವನಿಗೆ ಎಡೆ ಇಟ್ಟು, ಮಕ್ಕಳು ಆ ಕಡೆ ಸುಳಿಯದಂತೆ ಬಾಗಿಲಲ್ಲೇ ಕಾವಲು ಕೂರುವವಳು. ಎಡೆ ದಾಟಿದರೇ ಪಾಪ ಎನ್ನುವ ಮನೆಯವಳು ಚಪ್ಪಲಿ ಕಾಲಿನಲ್ಲಿ ಒದ್ದಿದ್ದಳು. ಕೂಗು ಕೇಳಿ ಪೊರಕೆ ಹಿಡಿದು ಓಡಿಬಂದ ಊರಿನ ಹೆಂಗಸರಿಗೆ, "ಏನಿಲ್ಲ, ಏನಿಲ್ಲ, ಹಾವು ಬಂದಿತ್ತು, ಹೋಯ್ತು" ಎಂದು ಸುಳ್ಳು ಹೇಳಿ ಕಳಿಸಿದಳು. ಅವಳ ಬಾಯಿಂದ ಅಂಥ ಮೆತ್ತನೆಯ ಸುಳ್ಳು ಯಡಿಯೂರು ಅಲ್ಲಿಯವರೆಗೆ ಕೇಳಿರಲಿಲ್ಲ.

ಆ ದಿನ ಸಾಯಂಕಾಲ ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟು, ಸುತ್ತಿ ಬಳಸಿ ಆರನೇ ಬ್ಲಾಕಿನ ಮುಂಬಾಗಿಲಿನಿಂದಲೇ ಹೋಗಿ ಬೆಲ್ ಒತ್ತಿದಳು. ಬಾಗಿಲು ತೆಗೆದವರು ಮನೆ ಯಜಮಾನರು, ಸೇತುರಾಮ. ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ಹರೆಯದಲ್ಲಿ ಓದಲು ಉಕ್ರೇನ್ ದೇಶಕ್ಕೆ ಹೋಗಿ, ಡಿಗ್ರಿಯ ಜೊತೆ ಹಲೀನಾ ಎಂಬ ಹೆಂಡತಿಯನ್ನೂ ತಂದವರು. ಮಕ್ಕಳಾಗಿರಲಿಲ್ಲ. ಅತ್ತೆ ಇದ್ದಷ್ಟು ಕಾಲ ಸೊಸೆಗೆ ಕನ್ನಡ, ಸಾರು, ಮಡಿ ಮೂರನ್ನೂ ಕಲಿಸಿ ಸತ್ತಿದ್ದರು.

ನಾರಾಯಣಮ್ಮ ಕ್ಷಮೆ ಗಿಮೆ ಎಂದು ಮಾತು ಬೆಳೆಸಲಿಲ್ಲ. "ನಿಮ್ಮಪ್ಪ ಏನ್ ತಿಂತಿದ್ರು ಹೇಳಮ್ಮ. ಹೊತ್ತು ಮುಳುಗೋದ್ರೊಳ್ಗೆ ಮತ್ತೆ ಇಡಾನ" ಎಂದಳು.

ಹಲೀನಾ ಗಂಡನ ಮುಖ ನೋಡಿ, ದನಿ ತಗ್ಗಿಸಿ, "ಮೀನು. ಬೆಳ್ಳುಳ್ಳಿ ಹಾಕಿದ್ದು" ಎಂದಳು.

ಸೇತುರಾಮರು ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಬ್ರಾಹ್ಮಣರ ಮನೆಯ ನಡುಮನೆಯಲ್ಲಿ ಮೀನಿನ ಮಾತು ಬಂದಾಗ ಕಿವುಡಾಗುವುದು ಅವರಿಗೆ ಚೆನ್ನಾಗಿ ಅಭ್ಯಾಸವಾಗಿದ್ದಂತೆ ಕಂಡಿತು. ನಾರಾಯಣಮ್ಮ ತನ್ನ ಮನೆಯಲ್ಲಿ ಮೀನು ಹುರಿದಳು. ಮುಸ್ಸಂಜೆಗೆ ಇಬ್ಬರೂ ಕೆರೆಗೆ ಹೋದರು. ಬೆಳಗಿನ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ ಹಾಸಿದ್ದಾಯಿತು. ಮೊಟ್ಟೆ ಬೇಯಿಸಿ ಈರುಳ್ಳಿ ಸಿಪ್ಪೆಯಲ್ಲಿ ಬಣ್ಣ ಕಟ್ಟಿದ್ದಾಯಿತು. ಎಲ್ಲ ಇಟ್ಟ ಮೇಲೆ ಹಲೀನಾ ನೀರಿನ ಕಡೆ ತಿರುಗಿ "ಖಾತಾ ಪೆತ್ರಾ!" ಎಂದು ಕೂಗಿದಳು. ಸ್ವಲ್ಪ ತಡೆದು, ತಾನೇ ಮೆಲ್ಲಗೆ "ಮಿ ತುತ್" ಎಂದು ಉತ್ತರಿಸಿದಳು.

"ನೀನೇ ಕೂಗಿ ನೀನೇ ಓ ಅಂದ್ರೆ ಯಾವ ಲೆಕ್ಕ?" ಎಂದಳು ನಾರಾಯಣಮ್ಮ.

"ಲೆಕ್ಕಕ್ಕಿಲ್ಲ. ಆದ್ರೂ ಕೂಗ್ತೀನಿ" ಎಂದಳು ಹಲೀನಾ. ಆಮೇಲೆ ಚಪ್ಪಡಿಯ ಮೇಲೆ ಕೂತು ಹೇಳಿದಳು.

ಅವಳ ಊರಿನ ಹೆಸರು ಲೋಜೀವ್ಕ. ನಾರಾಯಣಮ್ಮನ ಬಾಯಲ್ಲಿ ಅದು ಆ ಕ್ಷಣವೇ ಲೋಜಿಹಳ್ಳಿ ಆಯಿತು. ದ್ನೀಪ್ರೊ ಎಂಬ ದೊಡ್ಡ ನದಿಯ ದಂಡೆಯ ಸಣ್ಣ ಪೇಟೆ. ಹಲೀನಾಳ ಅಪ್ಪ ಪೆತ್ರೋ ಆ ನದಿಯಲ್ಲಿ ದೋಣಿ ಹಾಕುತ್ತಿದ್ದವನು. ಯುದ್ಧದಲ್ಲಿ ಒಂದು ಕಾಲು ಕಳಕೊಂಡು ಬಂದರೂ ದೋಣಿ ಬಿಡಲಿಲ್ಲ. ದೋಣಿಗೆ ಬೇಕಾಗಿರುವುದು ತೋಳು ಎನ್ನುತ್ತಿದ್ದನಂತೆ. ಹಲೀನಾ ಚಿಕ್ಕವಳಿರುವಾಗಲೇ ಸತ್ತ. ಊರಿನ ಗೋರಿಗಳ ದಿಣ್ಣೆಯ ತಗ್ಗಿನ ಭಾಗದಲ್ಲಿ ಮಣ್ಣು ಮಾಡಿದರು. ಐವತ್ತೊಂಬತ್ತನೇ ಇಸವಿಯಲ್ಲಿ ನದಿಗೆ ಅಣೆಕಟ್ಟು ಬಂತು, ಊರು ಮುಳುಗುತ್ತದೆ ಎಂದು ಸರ್ಕಾರ ಹೇಳಿತು. ಅವರವರ ಮನೆ ಅವರವರೇ ಕೆಡವಬೇಕು. ಚೆರ್ರಿ ಮರಗಳನ್ನು ಬುಡಕ್ಕೆ ಕಡಿಯಬೇಕು. ಬೇಕಾದವರು ತಮ್ಮ ಹಿರಿಯರ ಮೂಳೆ ಅಗೆದು ಒಯ್ಯಬಹುದು. ಗಂಡಸರಿದ್ದ ಮನೆಯವರು ಒಯ್ದರು. ಹಲೀನಾ ಮತ್ತವಳ ತಾಯಿ ಸರ್ಕಾರದವರು ಕೊಡುತ್ತೇವೆಂದ ಗಾಡಿಗಾಗಿ ಕಾದರು. ಗಾಡಿ ಬರಲಿಲ್ಲ, ನೀರು ಬಂತು.

"ದೋಣಿಯವನಲ್ವಾ" ಎಂದಳು ಹಲೀನಾ. "ಅಲ್ಲೇ ಉಳ್ಕೊಂಡ."

ಅವರ ಊರಿಗೆ ಒಂದು ಪದ್ಧತಿ ಇತ್ತು. ಈಸ್ಟರ್ ಹಬ್ಬದ ಮುಂದಿನ ಭಾನುವಾರ ಎಲ್ಲರೂ ಗೋರಿಗಳ ಹತ್ತಿರ ಊಟ ಕಟ್ಟಿಕೊಂಡು ಹೋಗುವರು. ಅದು ಆ ನಾಡಿಗೆಲ್ಲ ಇರುವ ಹಬ್ಬ. ಆದರೆ ಲೋಜೀವ್ಕದಲ್ಲಿ ಊಟಕ್ಕೆ ಮುಂಚೆ ಹಿರಿಯನೊಬ್ಬ ಎದ್ದು ಗಿರಣಿ ಕಡೆಯಿಂದ ಶುರುಮಾಡಿ, ಬೀದಿಯ ಸಾಲಿನಲ್ಲೇ ಒಂದೊಂದು ಮನೆಯ ಹೆಸರು ಕೂಗುವನು. ಆ ಮನೆಯವರು "ಮಿ ತುತ್", ನಾವಿದ್ದೀವಿ, ಎನ್ನಬೇಕು. ಮೂವತ್ತಮೂರರ ಬರದಲ್ಲಿ ಊರಿನ ಧಾನ್ಯವನ್ನೆಲ್ಲ ಸರ್ಕಾರದವರು ಕಿತ್ತುಕೊಂಡು ಹೋದಾಗ ಎಷ್ಟೋ ಮನೆಗಳಲ್ಲಿ ಓ ಎನ್ನಲು ಒಬ್ಬರೂ ಉಳಿಯಲಿಲ್ಲವಂತೆ. ಆಗ ಉಳಿದವರು ಕೂಡಿ ಹೇಳಿದರು: ಮನೆಯವರು ಇಲ್ಲದಿದ್ದರೆ ನೆರೆಯವರು ಓಗೊಡಲಿ, ಅದೂ ನಡೆಯುತ್ತದೆ. ಆದರೆ ಒಂದು ಬಾಯಿ ಒಂದೇ ಮನೆಗೆ. ಎರಡು ಮನೆಗೆ ಓ ಎಂದರೆ ಎರಡೂ ಸುಳ್ಳಾಗುತ್ತದೆ. ಹಾಗಾಗಿ ಅಲ್ಲಿ ಮಕ್ಕಳಿಗೆ ಬುದ್ಧಿ ಬಂತೆಂದರೆ ಒಂದೊಂದು ಸತ್ತ ಮನೆಯನ್ನು ಒಪ್ಪಿಸಿಬಿಡುತ್ತಿದ್ದರು. ಮೂರು ಸಲ ಕೂಗಿದರೂ ಯಾರೂ ಓ ಎನ್ನದಿದ್ದರೆ, ಮುಂದಿನ ವರ್ಷದಿಂದ ಆ ಮನೆಯ ಹೆಸರು ಕೂಗುವುದಿಲ್ಲ. ಊರು ಮುಳುಗಿದ ಮೇಲೂ ಜನ ಇದನ್ನು ಬಿಡಲಿಲ್ಲ. ದಿಣ್ಣೆಯ ಮೇಲೆ ಕಟ್ಟಿದ ಹೊಸ ಊರಿನಲ್ಲಿ ಚೀಟಿ ಎತ್ತಿ ಮನೆ ಕೊಟ್ಟಿದ್ದರು, ಹಳೆಯ ನೆರೆಹೊರೆಯೆಲ್ಲ ಚೆಲ್ಲಾಪಿಲ್ಲಿ. ಆದರೆ ಆ ಒಂದು ದಿನ ಮಾತ್ರ ಎಲ್ಲರೂ ನೀರಿನ ದಂಡೆಗೆ ಬಂದು, ಹಳೆಯ ಬೀದಿಯಲ್ಲಿ ಯಾರ ಪಕ್ಕ ಯಾರ ಮನೆ ಇತ್ತೋ ಅದೇ ಸಾಲಿನಲ್ಲಿ ನಿಲ್ಲುವರು.

"ಈಗ ನಿಮ್ಮನೆಗೆ ಯಾರು ಓ ಅಂತಾರೆ?" ಎಂದು ನಾರಾಯಣಮ್ಮ ಕೇಳಿದಳು. ಅವಳಿಗೆ ಅದೇ ಮುಖ್ಯವಾಗಿತ್ತು.

"ಅಮ್ಮ ಅಂತಿದ್ಲು. ಅವಳು ಹೋದ್ಮೇಲೆ ಎದುರುಮನೆ ಮೋತ್ರ್ಯ ಅಂತಾಳೆ. ಅವಳ ಮನೆಗೆ ಅವಳ ಮೊಮ್ಮಗ ಇದಾನೆ. ನಮ್ಮನೆಗೆ ಅವಳು."

"ಸದ್ಯ!" ಎಂದು ನಾರಾಯಣಮ್ಮ ಉಸಿರುಬಿಟ್ಟಳು. ಯಾವ ದೇಶದ ಯಾವ ಮುದುಕಿಯೋ, ಆದರೂ ಅವಳ ಮೇಲೆ ಅಕ್ಕರೆ ಬಂದುಬಿಟ್ಟಿತು.

ರೇಖಾಗೆ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಕಲ್ಲುಗುಂಡು. ಅದರ ಪುಣ್ಯವನ್ನು ನಾರಾಯಣಮ್ಮ ಹುರಿದ ಮೀನಿಗೆ ಕೊಟ್ಟಳು. ಹಿತ್ತಿಲ ಗೋಡೆಯಲ್ಲಿ ಎರಡು ಸಾಲು ಇಟ್ಟಿಗೆ ತೆಗೆದು, ಈ ಕಡೆ ಒಂದು ಕಲ್ಲು, ಆ ಕಡೆ ಒಂದು ಸ್ಟೂಲು ಹಾಕಿದ್ದಾಯಿತು. ಮಧ್ಯಾಹ್ನದ ಕೆಲಸ ಮುಗಿದರೆ ಗೋಡೆಯ ಮೇಲೆ ಮೊಣಕೈ ಊರಿ ಇಬ್ಬರದೂ ಹರಟೆ. ಸೇತುರಾಮರು ಬೇಕಾದರೆ ಕಾಫಿಯನ್ನೂ ತಾವೇ ಮಾಡಿ ಗೋಡೆಗೆ ತಂದು ಕೊಡುವರು.

ಎಂಥ ಕಾಲ ಅದು! ಗೋಡೆಯ ಆ ತೂತಿನಿಂದ ಒಂದು ಊರಿಗೆ ಊರೇ ನಾರಾಯಣಮ್ಮನ ಹಿತ್ತಿಲಿಗೆ ಇಳಿದು ಬಂತು. ಗುರುವಾರದ ಸಂತೆಯಲ್ಲಿ ಬಾತುಕೋಳಿಯ ಕಾಲು ಕಟ್ಟಿಹಾಕಿ ಮಾರುವ ಹೆಂಗಸರು, ಕುಂಬಾರರ ಬೀದಿಯ ಹೊಗೆ, ಸರ್ಕಾರ ಗೋಧಿಯ ಉಗ್ರಾಣ ಮಾಡಿದ ಚರ್ಚು, ಅದರ ಬಾಗಿಲ ಮುಂದೆ ಹಾದುಹೋಗುವಾಗ ಮುದುಕಿಯರು ಗೋಧಿಚೀಲಕ್ಕೇ ಕೈಮುಗಿಯುತ್ತಿದ್ದದ್ದು. ಯುದ್ಧದಲ್ಲಿ ಮನೆ ಸುಟ್ಟುಹೋದವರಿಗೆ ಊರೆಲ್ಲ ಸೇರಿ ಒಂದೇ ದಿನದಲ್ಲಿ ಮನೆ ಎಬ್ಬಿಸಿಕೊಡುತ್ತಿದ್ದರಂತೆ. ಹೆಂಗಸರು ಲಂಗ ಎತ್ತಿ ಕಟ್ಟಿ, ಹುಲ್ಲು ಬೆರೆಸಿದ ಮಣ್ಣನ್ನು ತುಳಿಯುವರು. ಕೂಲಿ ಕೇಳಿದವನಿಗೆ ಊರಿನಲ್ಲಿ ಮರ್ಯಾದೆ ಇಲ್ಲ. ಊಟ ಹಾಕದ ಮನೆಯವನಿಗೂ ಇಲ್ಲ.

"ನಮ್ಮಲ್ಲೂ ಹಂಗೇ ಇತ್ತು ಕಣೆ" ಎನ್ನುವಳು ನಾರಾಯಣಮ್ಮ. ಅವಳು ಮದುವೆಯಾಗಿ ಬಂದಾಗ ಈ ಕೆರೆಯ ಕೆಳಗೆ ಭತ್ತದ ಗದ್ದೆ. ಈಗ ಜಯನಗರದವರು ಸಂಜೆ ವಾಕಿಂಗ್ ಮಾಡುವ ರಸ್ತೆಯ ಕೆಳಗೆ ಎಲ್ಲೋ ಅವಳ ಮಾವನನ್ನು ಮಣ್ಣು ಮಾಡಿದ ಗುಡ್ಡೆ ಇದೆ. "ನಿಮ್ಮೂರನ್ನ ನೀರು ನುಂಗ್ತು, ನಮ್ಮೂರನ್ನ ಸೈಟು ನುಂಗ್ತು. ನೀರೇ ವಾಸಿ, ಮೀನಾದ್ರೂ ಇರ್ತವೆ." ಖಾತಾ ಎಂದರೆ ಹಲೀನಾಳ ಭಾಷೆಯಲ್ಲಿ ಮನೆ ಎಂದು ತಿಳಿದಾಗಲಂತೂ ಅವಳು ನಕ್ಕೂ ನಕ್ಕೂ ಸುಸ್ತಾದಳು. "ಅದೃಷ್ಟವಂತ್ರು ಬಿಡು. ನಮ್ಮಲ್ಲಿ ಮನೆ ಇದ್ರೂ ಖಾತಾ ಇರಲ್ಲ."

ಹಬ್ಬದ ಬ್ರೆಡ್ಡಿನ ಹಿಟ್ಟು ಉಬ್ಬುವಾಗ ಮನೆಯಲ್ಲಿ ಸದ್ದಾಗಬಾರದು, ಬಾಗಿಲು ಬಡಿಯಬಾರದು, ಯಾರೂ ಸಿಟ್ಟು ಮಾಡಬಾರದು. ಹಿಟ್ಟು ಬೆಚ್ಚಿ ಕೂತುಬಿಡುತ್ತದೆ ಎಂದು ಲೋಜೀವ್ಕದವರ ನಂಬಿಕೆ. ಒಂದು ವರ್ಷ ಅದೇ ದಿನ ಪಕ್ಕದ ರಸ್ತೆಯಲ್ಲಿ ರಾಮನವಮಿಯ ಪೆಂಡಾಲು. ಮೈಕಿನಲ್ಲಿ ಪಿಟೀಲು ಕಿವಿ ಕಿತ್ತುಹೋಗುವಂತೆ ಕೇಳುತ್ತಿತ್ತು. ಹಲೀನಾ ಹಿಟ್ಟಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕಣ್ಣೀರು ಹಾಕುತ್ತಾ ಕೂತಿದ್ದಳು. ನಾರಾಯಣಮ್ಮ ಸೆರಗು ಸಿಕ್ಕಿಸಿ ಪೆಂಡಾಲಿಗೆ ನುಗ್ಗಿದಳು.

"ಸಾರ್, ಸ್ವಲ್ಪ ಮೈಕ್ ಆಫ್ ಮಾಡಿ. ಒಳಗೆ ಹಿಟ್ಟು ಮಲಗೈತೆ."

"ಯಾರು ಮಲಗಿದಾರೆ?" ಎಂದರು ಸಮಿತಿಯವರು.

"ಹಿಟ್ಟು!"

ಅವಳ ಮುಖ ನೋಡಿ ಅವರು ಹೆಚ್ಚು ವಿಚಾರಿಸಲು ಹೋಗಲಿಲ್ಲ. ಪಿಟೀಲಿನವರು ಮೈಕಿಲ್ಲದೆಯೇ ಬಾರಿಸಿದರು. ಆ ವರ್ಷ ಬ್ರೆಡ್ಡು ಪಾತ್ರೆ ಮೀರಿ ಉಬ್ಬಿತು, ಪೆಂಡಾಲಿಗೂ ಒಂದು ತುಂಡು ಹೋಯಿತು. ಅದರಲ್ಲಿ ಮೊಟ್ಟೆ ಇದೆ ಎಂಬ ವಿಷಯವನ್ನು ನಾರಾಯಣಮ್ಮ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಪ್ರತಿ ವರ್ಷ ಆ ಭಾನುವಾರದ ಮಾರನೆಯ ದಿನ ಇಬ್ಬರೂ ನಾಲ್ಕನೇ ಬ್ಲಾಕಿನ ಐಎಸ್‌ಡಿ ಬೂತಿಗೆ ಹೋಗುವರು. ಹಲೀನಾ ಗಾಜಿನ ಗೂಡಿನೊಳಗೆ ನಿಂತು ಮೋತ್ರ್ಯಳ ಹತ್ತಿರ ಮಾತಾಡುವಳು. ಮಾತು ಮುಗಿಯುವ ಮುಂಚೆಯೇ ಗಾಜಿನಾಚೆಯಿಂದ ನಾರಾಯಣಮ್ಮನ ಕಡೆ ತಲೆಯಾಡಿಸುವಳು. ಕೂಗಿದರು, ಓ ಎಂದಾಯಿತು ಎಂದು ಅರ್ಥ. ಅಲ್ಲಿಗೆ ಒಂದು ವರ್ಷದ ನೆಮ್ಮದಿ. ಬರುವಾಗ ಕಾಂಪ್ಲೆಕ್ಸಿನ ಹತ್ತಿರ ಮಸಾಲೆ ಪುರಿ ತಿಂದು, ಬಸ್ಸು ಬಿಟ್ಟು ನಡೆದುಕೊಂಡೇ ಬರುವರು.

ಒಳ್ಳೆಯ ದಿನಗಳಿಗೆ ಕಾಲು ಜಾಸ್ತಿ, ಓಡಿಬಿಡುತ್ತವೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಸೇತುರಾಮರು ಮಧ್ಯಾಹ್ನ ನಿದ್ದೆಗೆ ಮಲಗಿದವರು ಏಳಲಿಲ್ಲ. ವೆಂಕಟಸ್ವಾಮಿಯೂ ಹಿಂದೆಯೇ ಹೋದ. ಇಬ್ಬರು ಹೆಂಗಸರೂ ಗೋಡೆಯನ್ನು ಇನ್ನಷ್ಟು ಒಡೆದು, ಒಂದು ಸಣ್ಣ ಗೇಟನ್ನೇ ಇಡಿಸಿಕೊಂಡರು. ಯಾರ ಮನೆಯಲ್ಲಿ ಅಡುಗೆಯಾಯಿತೋ ಅಲ್ಲೇ ಊಟ.

ಎರಡು ಸಾವಿರದ ನಾಲ್ಕರ ಡಿಸೆಂಬರಿನಲ್ಲಿ ಫೋನ್ ಬಂತು. ಮೋತ್ರ್ಯಳ ಮೊಮ್ಮಗ ಅಂದ್ರಿ. ಅಜ್ಜಿ ಹೋದಳು ಎಂದ. ಹಲೀನಾ ಅತ್ತು ಮುಗಿಸಿದ ಮೇಲೆ ಎರಡನೆಯ ಸುದ್ದಿ ಹೇಳಿದ. ಊರಿನಲ್ಲಿ ಈಗ ಖಾಲಿ ಬಾಯಿ ಒಂದೂ ಇಲ್ಲ. ಹರೆಯದವರೆಲ್ಲ ಕೆಲಸಕ್ಕೆಂದು ಊರು ಬಿಟ್ಟಿದ್ದಾರೆ, ಇರುವ ಮುದುಕರಿಗೆ ಅವರವರ ಮನೆಯೇ ಇದೆ. ಈಗ ಹೆಸರು ಕೂಗುವವನು ಹ್ನಾತ್ ಎಂಬ ತಾತ, ಪದ್ಧತಿಯ ವಿಷಯದಲ್ಲಿ ಕಬ್ಬಿಣದಂಥ ಮನುಷ್ಯ. ಈ ಸಲ ದೋಣಿ ಪೆತ್ರೋ ಮನೆಗೆ ಯಾರೂ ಓ ಎನ್ನದಿದ್ದರೆ ಆ ಮನೆ ಮುಚ್ಚಿದ ಹಾಗೆಯೇ. "ನಾನು ಮೊಬೈಲಿನಲ್ಲಿ ನಿಮಗೆ ಫೋನ್ ಮಾಡಿ, ಫೋನನ್ನು ಎತ್ತಿ ಹಿಡಿಯುತ್ತೇನೆ. ನೀವೇ ಅಲ್ಲಿಂದ ಹೇಳಿ" ಎಂದು ಅಂದ್ರಿ ಉಪಾಯ ಹೂಡಿದ. ಹ್ನಾತ್ ತಾತ ಗೊಣಗಿ, ಮೂರು ದಿನ ಯೋಚಿಸಿ, ಬಾಯಿ ಬೇಕು, ಬಾಯಿ ಎಲ್ಲಿದ್ದರೇನು ಎಂದು ಒಪ್ಪಿದನಂತೆ.

ಹಲೀನಾಳ ಸಂಭ್ರಮ ನೋಡಬೇಕಿತ್ತು. ಹತ್ತು ವರ್ಷ ಚಿಕ್ಕವಳಾದಳು. "ನಾನೇ ಹೇಳ್ತೀನಿ ನಾರಾಯಣಿ, ನಾನೇ! ಅಪ್ಪ ಕೇಳಿಸ್ಕೊಳ್ಳೋ ಹಾಗೆ!" ಎಂದು ಹಿತ್ತಿಲಿನಲ್ಲಿ ನಿಂತು ಜೋರಾಗಿ "ಮಿ ತುತ್" ಎಂದು ಕೂಗಿ ನೋಡುವಳು. ಮಾವಿನ ಮರದ ಕಾಗೆಗಳು ಹಾರಿಹೋಗುತ್ತಿದ್ದವು.

ಶಿವರಾತ್ರಿ ಕಳೆದ ವಾರ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಕಣ್ಣಿನಲ್ಲಿ ಉತ್ತರವೂ ಇರುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಕನ್ನಡವೂ ಇಲ್ಲ, ಅವಳ ಭಾಷೆಯೂ ಇಲ್ಲ. ಬರಬಹುದು, ಅಭ್ಯಾಸ ಮಾಡಿಸಿ ಎಂದರು ಡಾಕ್ಟರು. ನಾರಾಯಣಮ್ಮ ತನ್ನ ಹಾಸಿಗೆಯನ್ನು ಹಲೀನಾಳ ಮನೆಗೇ ತಂದಳು. ಬೆಳಿಗ್ಗೆ ಮುಖ ತೊಳೆಸಿ, ಗಂಜಿ ಕುಡಿಸಿ, ಎದುರಿಗೆ ಕೂತು ಪಾಠ ಶುರು.

"ಹೇಳು. ಮಿ."

ಹಲೀನಾಳ ತುಟಿ ಕೂಡುವುದು. ಗಾಳಿ ಬರುವುದು.

"ಗಾಳಿ ಸಾಕು, ಮಾತು ಬರ್ಲಿ. ಮಿ... ತುತ್."

ಯುಗಾದಿ ಬಂತು, ಹೋಯಿತು. "ಮ್" ಎನ್ನುವಷ್ಟಕ್ಕೆ ಬಂದು ನಿಂತಿತು. ಒಮ್ಮೊಮ್ಮೆ ಹಲೀನಾ ಸಿಟ್ಟಿಗೆದ್ದು ಎಡಗೈಯಿಂದ ಲೋಟ ಎಸೆಯುವಳು. ನಾರಾಯಣಮ್ಮ ಲೋಟ ತಂದಿಟ್ಟು ಮತ್ತೆ "ಮಿ" ಎನ್ನುವಳು. ಅಡುಗೆಮನೆಗೆ ಹೋಗಿ ಅಳುವಳು.

ಒಂದು ದಿನ ರೇಖಾ, "ಯಾಕಮ್ಮ ಅವ್ರಿಗೆ ಅಷ್ಟ್ ಹಿಂಸೆ ಕೊಡ್ತೀಯ? ಅವ್ರಲ್ಲಿ ನೆರೆಯವರು ಹೇಳಿದ್ರೂ ನಡೆಯುತ್ತೆ ಅಂತ ನೀನೇ ಹೇಳ್ತಿದ್ದೆ. ನೀನೇ ಹೇಳ್ಬಿಡು" ಎಂದಳು.

"ಬಾಯ್ ಮುಚ್ಚು" ಎಂದಳು ನಾರಾಯಣಮ್ಮ. ಆಮೇಲೆ ತಗ್ಗಿದ ದನಿಯಲ್ಲಿ, "ಆ ಮನೆ ಎಡೆ ಒದ್ದ ಕಾಲು ಕಣೇ ಇದು. ಆ ಮನೆಗೆ ನಾನ್ ಓ ಅಂದ್ರೆ ಆ ಯಪ್ಪ ಒಪ್ತಾನಾ?" ಎಂದಳು. ಇಷ್ಟು ವರ್ಷದಲ್ಲಿ ಹಲೀನಾ ಒಮ್ಮೆಯೂ ಆ ಮಾತು ಎತ್ತಿರಲಿಲ್ಲ, ನಗೆಯಾಡಲೂ ಇಲ್ಲ. ಎತ್ತಿದ್ದರೆ ವಾಸಿಯಿತ್ತು ಎಂದು ನಾರಾಯಣಮ್ಮನಿಗೆ ಎಷ್ಟೋ ಸಲ ಅನ್ನಿಸಿತ್ತು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯದ ತಪ್ಪು ಮನೆಯೊಳಗೇ ಉಳಿದುಕೊಳ್ಳುತ್ತದೆ.

ಆ ಭಾನುವಾರ ಬಂತು. ರೇಖಾ ತನ್ನ ಮೊಬೈಲ್ ತಂದಿದ್ದಳು. ಬ್ರೆಡ್ಡನ್ನು ನಾರಾಯಣಮ್ಮನೇ ಮಾಡಿದ್ದಳು. ಸ್ವಲ್ಪ ಸೀದಿತ್ತು, ಒಂದು ಕಡೆ ವಾಲಿತ್ತು. ಹಲೀನಾಳಿಗೆ ತೊಳೆದ ಸೀರೆ ಉಡಿಸಿ, ದಿಂಬು ಆನಿಸಿ ಕೂರಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂತು. ರೇಖಾ ಸ್ಪೀಕರ್ ಹಾಕಿದಳು.

ಮೊದಲು ಗಾಳಿಯ ಸದ್ದು. ಆಮೇಲೆ ನೀರು ದಡಕ್ಕೆ ಬಡಿಯುವ ಸದ್ದು. ಹಲೀನಾಳ ಮುಖ ಅರಳಿತು. ಹ್ನಾತ್ ತಾತನ ಒಡಕು ದನಿ ದೂರದಿಂದ ಒಂದೊಂದೇ ಮನೆ ಕೂಗುತ್ತಾ ಬರುತ್ತಿತ್ತು. ಒಂದೊಂದು ಮನೆಗೂ ಯಾರೋ ಒಬ್ಬರು, ಹೆಣ್ಣು, ಗಂಡು, ಒಂದು ಮಗು, ಮಿ ತುತ್ ಎನ್ನುತ್ತಿದ್ದರು. ಓ ಎಂದದ್ದು ಕೇಳಿದ ಮೇಲೆಯೇ ತಾತ ಮುಂದಿನ ಮನೆ ಕೂಗುತ್ತಿದ್ದ. ಗಿರಣಿಯವರು. ಕಮ್ಮಾರರು. ಜೇನಿನ ಮುದುಕಿಯ ಮನೆ. ನಾರಾಯಣಮ್ಮನಿಗೆ ಪ್ರತಿ ಮನೆಯೂ ಗೊತ್ತಿತ್ತು, ಯಾರ ಬಾವಿಯ ನೀರು ಸಿಹಿ ಎಂಬುದೂ ಗೊತ್ತಿತ್ತು. ಕಾಣದ ಬೀದಿಯಲ್ಲಿ ಅವಳು ಆ ದನಿಯ ಜೊತೆಗೆ ನಡೆಯುತ್ತಿದ್ದಳು. ಇನ್ನು ತಿರುವು. ತಿರುವು ದಾಟಿದರೆ ದೋಣಿ ಕಟ್ಟುವ ಕಡವು.

"ಖಾತಾ ಪೆತ್ರಾ!"

ರೇಖಾ ಫೋನನ್ನು ಹಲೀನಾಳ ಬಾಯಿಯ ಹತ್ತಿರ ಹಿಡಿದಳು. ಹಲೀನಾಳ ತುಟಿ ಕೂಡಿತು. ಕತ್ತಿನ ನರ ಉಬ್ಬಿತು. "ಮ್... ಮ್..." ಎಂದಳು. ಅದು ಫೋನಿಗೇ ಕೇಳುವಷ್ಟಿರಲಿಲ್ಲ, ಇನ್ನು ದ್ನೀಪ್ರೊಗೆ ಎಲ್ಲಿಂದ ಕೇಳಬೇಕು.

"ಖಾತಾ ಪೆತ್ರಾ!" ತಾತ ಎರಡನೆಯ ಸಲ ಕೂಗಿದ. ಅಂದ್ರಿ ಗಾಬರಿಯಿಂದ ಪಿಸುಗುಟ್ಟುತ್ತಿದ್ದದ್ದು ಕೇಳಿತು. ಹಲೀನಾಳ ಕಣ್ಣಿನಿಂದ ನೀರು ಸುರಿಯಿತು. ಉಸಿರು ಎಳೆದಳು, ಬಾಯಿ ತೆರೆದಳು, ಏನೂ ಬರಲಿಲ್ಲ.

"ಹೇಳೇ ನಮ್ಮವ್ವ, ಹೇಳೇ" ಎಂದು ನಾರಾಯಣಮ್ಮ ಅವಳ ಬೆನ್ನು ಸವರುತ್ತಿದ್ದಳು.

ಹಲೀನಾ ಎಡಗೈ ಎತ್ತಿದಳು. ಲೋಟ ಎಸೆಯುವ ಹಾಗೆ ಎಸೆಯುತ್ತಾಳೇನೋ ಎಂದು ರೇಖಾ ಫೋನನ್ನು ಹಿಂದಕ್ಕೆ ಎಳೆದುಕೊಂಡಳು. ಹಲೀನಾ ರೇಖಾಳ ಮಣಿಕಟ್ಟು ಹಿಡಿದು, ಫೋನನ್ನು ತನ್ನ ಬಾಯಿಯಿಂದ ದೂರ ಸರಿಸಿ, ನಾರಾಯಣಮ್ಮನ ಬಾಯಿಗೆ ತಂದು ಒತ್ತಿದಳು. ಒತ್ತಿಯೇ ಹಿಡಿದಳು.

ನಾರಾಯಣಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು. "ಬ್ಯಾಡ ಕಣೆ, ನಾನು..." ಎಂದಳು. ಹಲೀನಾ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟು ಹುಡುಕಿದರೂ ಇರಲಿಲ್ಲ. ಅವಸರವಿತ್ತು, ಹೇಳೇ ಬೇಗ ಎನ್ನುವ ಅವಸರ.

"ಖಾತಾ ಪೆತ್ರಾ!" ಮೂರನೆಯ ಕೂಗು.

"ಮಿ ತುತ್!"

ಕೆರೆಯ ಆ ದಂಡೆಯಲ್ಲಿ ಮೇಯುವ ಹಸುವನ್ನು ಈ ದಂಡೆಯಿಂದ ಕರೆಯುತ್ತಿದ್ದ ದನಿ ಅದು. ಆರನೇ ಬ್ಲಾಕಿನ ಕಿಟಕಿಗಳು ಅದುರಿದವು. ಅತ್ತ ಕಡೆ ಎಲ್ಲ ಸದ್ದೂ ನಿಂತಿತು. ಗಾಳಿಯೊಂದೇ ಕೇಳುತ್ತಿತ್ತು. ಆಮೇಲೆ ತಾತನ ದನಿ ಹತ್ತಿರ ಬಂತು, ಫೋನನ್ನು ಕಿತ್ತುಕೊಂಡಿರಬೇಕು. ಏನೋ ಕೇಳಿದ. ಯಾರು ನೀನು ಎಂದೇ ಕೇಳಿರಬೇಕೆಂದು ನಾರಾಯಣಮ್ಮನಿಗೆ ಹೊಳೆಯಿತು. ಯಾವ ಊರಿನ ಮುದುಕನಾದರೂ ಅದನ್ನೇ ಕೇಳುವುದು.

"ಪಕ್ಕದ್ಮನೆಯವ್ಳು ಕಣಪ್ಪ" ಎಂದಳು. ಅಳು ನುಗ್ಗಿಬರುತ್ತಿತ್ತು, ನಿಲ್ಲಿಸಲಿಲ್ಲ. "ಅವಳ್ ಕೈಲಿ ಮಾತಾಡಕ್ಕಾಗ್ತಿಲ್ಲ. ಕೂತವ್ಳೆ, ಇಲ್ಲೇ ಕೂತವ್ಳೆ, ಕೇಳಿಸ್ಕೊತಾವ್ಳೆ. ಮನೆ ಮುಚ್ಬ್ಯಾಡ. ನಾವಿದೀವಿ."

ರೇಖಾ ಬಗ್ಗಿ ಇಂಗ್ಲಿಷಿನಲ್ಲಿ ಅಂದ್ರಿಗೆ "ನೇಬರ್, ನೇಬರ್" ಎಂದಳು. ಅತ್ತ ಅಂದ್ರಿ ತನ್ನ ಭಾಷೆಯಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಿದ. ಜನರ ನಡುವೆ ಗುಸುಗುಸು ಎದ್ದಿತು. ಯಾರೋ ಹೆಂಗಸು ಮೂಗೆಳೆದುಕೊಂಡಳು.

ತಾತ ಗಂಟಲು ಸರಿಮಾಡಿಕೊಂಡ.

ಅವನು ಮುಂದಿನ ಮನೆಯ ಹೆಸರು ಕೂಗಿದ.

ನಾರಾಯಣಮ್ಮ ಮಂಚದ ಅಂಚಿಗೆ ಕುಸಿದು ಕೂತು, ಹಲೀನಾಳ ಹೆಗಲಿಗೆ ಹಣೆ ಇಟ್ಟು, ಮಗುವಿನ ಹಾಗೆ ಅತ್ತಳು. ಹಲೀನಾ ಎಡಗೈಯಿಂದ ಅವಳ ತಲೆ ತಟ್ಟುತ್ತಿದ್ದಳು, ಆದರೆ ಗಮನವೆಲ್ಲ ಫೋನಿನ ಕಡೆಗೇ. ಬೀದಿಯಲ್ಲಿ ಇನ್ನೂ ಬಹಳ ಮನೆಗಳಿದ್ದವು. ನಾರಾಯಣಮ್ಮ ಒಂದು ಕೈಯಿಂದ ಮುಖ ಒರೆಸಿಕೊಂಡು, ಇನ್ನೊಂದು ಕೈಯಿಂದ ಫೋನನ್ನು ಅವಳ ಕಿವಿಗೆ ಹಿಡಿದಳು. ಕೊನೆಯ ಮನೆ ಕೂಗಿ ಮುಗಿಯುವವರೆಗೂ ತೆಗೆಯಲಿಲ್ಲ.